ಒಂದು ಗಿಲ್ಡರ್ ಶುಲ್ಕ, ಒಂದು ಅಕ್ಷರದ ಮೊಹರು: ನೆದರ್ಲೆಂಡ್ಸಿನ ಯಹೂದಿಯರ ಪಟ್ಟಿ ತಯಾರಾದ ಬಗೆ

(ಉಪನ್ಯಾಸದ ಬರಹ ರೂಪ)

ಎರಡನೇ ಮಹಾಯುದ್ಧ ನೆದರ್ಲೆಂಡ್ಸಿಗೆ ಕಾಲಿಟ್ಟಾಗ ಅಲ್ಲಿ ಸುಮಾರು 1,40,000 ಯಹೂದಿಯರಿದ್ದರು. 1942ರ ಜುಲೈಯಿಂದ 1944ರ ಸೆಪ್ಟೆಂಬರ್ ತನಕ ಅವರಲ್ಲಿ ಸುಮಾರು 1,07,000 ಮಂದಿಯನ್ನು ರೈಲು ಹತ್ತಿಸಿ ಪೂರ್ವಕ್ಕೆ ಕಳಿಸಿದರು. ತಿರುಗಿ ಬಂದವರು ಐದು ಸಾವಿರ ಚಿಲ್ಲರೆ. ನಾಲ್ವರಲ್ಲಿ ಮೂವರು ಸತ್ತರು. ಪಕ್ಕದ ಬೆಲ್ಜಿಯಂನಲ್ಲಿ ಈ ಪ್ರಮಾಣ ನೂರಕ್ಕೆ ನಲವತ್ತರ ಆಸುಪಾಸು, ಫ್ರಾನ್ಸಿನಲ್ಲಿ ನೂರಕ್ಕೆ ಇಪ್ಪತ್ತೈದು. ಪಶ್ಚಿಮ ಯುರೋಪಿನಲ್ಲಿ ಹಿಟ್ಲರನ ಸೈನ್ಯ ಹಿಡಿದ ಬೇರೆ ಯಾವ ದೇಶದಲ್ಲೂ ಇಷ್ಟು ಪಾಲು ಯಹೂದಿಯರು ಸತ್ತಿಲ್ಲ.

ಯುರೋಪಿನಲ್ಲಿ ಯಹೂದಿಯರು ತಕ್ಕಮಟ್ಟಿಗೆ ನೆಮ್ಮದಿಯಿಂದಿದ್ದ ದೇಶಗಳಲ್ಲಿ ನೆದರ್ಲೆಂಡ್ಸೂ ಒಂದು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಿರುಕುಳ ತಾಳಲಾರದೆ ಓಡಿಬಂದವರಿಗೆ ಆಮ್ಸ್ಟರ್‌ಡ್ಯಾಮ್ ನೆಲೆ ಕೊಟ್ಟಿತ್ತು. ಅವರು 1675ರಲ್ಲಿ ಕಟ್ಟಿದ ದೊಡ್ಡ ಪ್ರಾರ್ಥನಾ ಮಂದಿರ ಇವತ್ತಿಗೂ ನಿಂತಿದೆ. 1796ರಲ್ಲೇ ಯಹೂದಿಯರಿಗೆ ಪೂರ್ಣ ನಾಗರಿಕ ಹಕ್ಕು ಸಿಕ್ಕಿತು. ದೇಶೀ ನಾಜಿ ಪಕ್ಷವಾದ ಎನ್‌ಎಸ್‌ಬಿಗೆ 1937ರ ಚುನಾವಣೆಯಲ್ಲಿ ಬಿದ್ದ ಮತ ನೂರಕ್ಕೆ ನಾಲ್ಕರಷ್ಟು ಮಾತ್ರ. ಹೀಗಿರುವಾಗ ಅಲ್ಲಿಯೇ ಇಂಥ ಸಾವು ಯಾಕಾಯಿತು? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದು ಹೋಗುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಜನವನ್ನು ಇಲ್ಲವಾಗಿಸಲು ಊರಿಗೆ ಊರೇ ದ್ವೇಷದಿಂದ ಕುದಿಯಬೇಕಾಗಿಲ್ಲ. ಅಧಿಕಾರ ಹಿಡಿದ ಕೆಲವರಲ್ಲಿ ದ್ವೇಷವಿದ್ದು, ಉಳಿದ ಸಾವಿರಾರು ಮಂದಿ ತಮ್ಮ ತಮ್ಮ ಮೇಜಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುತ್ತಾ ಹೋದರೆ ಸಾಕು. ಆ ಕೆಲಸ ಹಂತ ಹಂತವಾಗಿ ಹೇಗೆ ನಡೆಯಿತು, ಎಲ್ಲಿ ತಡೆಯಬಹುದಿತ್ತು, ಯಾರು ತಡೆದರು ಎಂಬುದನ್ನು ವಿವರವಾಗಿ ನೋಡೋಣ.

ಯಾರು ಯಹೂದಿ?

ಮಧ್ಯಯುಗದ ಯಹೂದಿ ದ್ವೇಷ ಧರ್ಮದ ಹೆಸರಿನದು. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದರೆ, ಕನಿಷ್ಠ ತಾತ್ವಿಕವಾಗಿಯಾದರೂ, ಅದರಿಂದ ಪಾರಾಗಬಹುದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಈ ದಾರಿಯೂ ಮುಚ್ಚಿತು. 1879ರಲ್ಲಿ ಜರ್ಮನಿಯ ಪತ್ರಕರ್ತ ವಿಲ್‌ಹೆಲ್ಮ್ ಮಾರ್ ಯಹೂದಿಯರ ವಿರುದ್ಧ ಸಂಘವೊಂದನ್ನು ಕಟ್ಟಿದ. ಯಹೂದಿತನ ಧರ್ಮವಲ್ಲ, ರಕ್ತ ಎಂಬುದು ಅವನ ವಾದ. 1881ರಿಂದ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿ ಕೇರಿಗಳ ಮೇಲೆ ದಾಳಿಗಳ ಸಾಲು ನಡೆಯಿತು. 1894ರಲ್ಲಿ ಫ್ರಾನ್ಸಿನ ಯಹೂದಿ ಸೇನಾಧಿಕಾರಿ ಡ್ರೈಫಸ್ ಮೇಲೆ ಸುಳ್ಳು ದೇಶದ್ರೋಹದ ಆರೋಪ ಹೊರಿಸಿದರು. 1903ರಲ್ಲಿ, ಯಹೂದಿಯರು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂದು ಹೇಳುವ ಖೋಟಾ ದಾಖಲೆಯೊಂದು ರಷ್ಯಾದಲ್ಲಿ ಅಚ್ಚಾಯಿತು. ಅದು ಖೋಟಾ ಎಂದು 1921ರಲ್ಲೇ ಸಾಬೀತಾದರೂ ಇಂದಿಗೂ ಹಂಚಿಕೆಯಾಗುತ್ತಲೇ ಇದೆ. ಈ ಹಿನ್ನೆಲೆಯನ್ನು ಇಷ್ಟಕ್ಕೇ ಬಿಡುತ್ತೇನೆ. ನಮಗಿಲ್ಲಿ ಮುಖ್ಯವಾದದ್ದು ಆ ರಕ್ತದ ವಾದ ಕಚೇರಿಯ ಅರ್ಜಿಯೊಳಗೆ ಹೇಗೆ ಸೇರಿತು ಎಂಬುದು.

ಹಿಟ್ಲರನ ಕಾನೂನಿಗೆ ಅಲ್ಲೊಂದು ತೊಡಕು ಎದುರಾಯಿತು. ರಕ್ತ ನೋಡಿ ಯಹೂದಿಯನ್ನು ಗುರುತಿಸುವುದು ಆಗುವ ಮಾತಲ್ಲ. ಹಾಗಾಗಿ ಅಜ್ಜ ಅಜ್ಜಿಯರ ಲೆಕ್ಕಕ್ಕೆ ಬಂದರು. ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಯರಾದರೆ ಮೊಮ್ಮಗ ಪೂರ್ಣ ಯಹೂದಿ. ಇಬ್ಬರಾದರೆ ಅರ್ಧ, ಆದರೆ ಅವನು ಯಹೂದಿ ಧರ್ಮಸಭೆಯ ಸದಸ್ಯನಾಗಿದ್ದರೆ ಅಥವಾ ಯಹೂದಿಯನ್ನು ಮದುವೆಯಾಗಿದ್ದರೆ ಅವನೂ ಪೂರ್ಣ ಯಹೂದಿಯೇ. ಅಜ್ಜ ಯಹೂದಿ ಎಂದು ತಿಳಿಯುವುದಾದರೂ ಹೇಗೆ? ಧರ್ಮಸಭೆಯ ದಾಖಲೆ ಪುಸ್ತಕದಿಂದ! ಜನಾಂಗದ ವಿಜ್ಞಾನ ಎಂದು ಬೊಬ್ಬೆ ಹೊಡೆದದ್ದರ ತಳದಲ್ಲಿದ್ದುದು ಧರ್ಮದ ಕಾಲಂ ಒಂದೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಧರ್ಮವನ್ನು ದಾಖಲೆಯಲ್ಲಿ ಬರೆದಿಡದ ಕಡೆ ಈ ಕಾನೂನಿಗೆ ಕಾಲೂರಲು ಜಾಗವೇ ಸಿಗುತ್ತಿರಲಿಲ್ಲ. ನೆದರ್ಲೆಂಡ್ಸಿನಲ್ಲಿ ಪ್ರತಿ ಊರಿನ ಜನಸಂಖ್ಯಾ ದಫ್ತರದಲ್ಲೂ ಆ ಕಾಲಂ ಇತ್ತು. 1930ರ ಜನಗಣತಿಯಲ್ಲಿ ತಮ್ಮ ಧರ್ಮ ಯಹೂದಿ ಎಂದು ಬರೆಸಿದವರು 1,11,917 ಮಂದಿ. ಆಗ ಅದರಲ್ಲಿ ಅಪಾಯವಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಮೊದಲ ಸಹಿ

1940ರ ಮೇ 10ಕ್ಕೆ ಜರ್ಮನ್ ಸೈನ್ಯ ನುಗ್ಗಿತು. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ರಾಣಿ ವಿಲ್‌ಹೆಲ್ಮಿನಾ ಮತ್ತು ಸಚಿವರು ಲಂಡನ್ನಿಗೆ ಹೋದರು. ಇಲಾಖೆಗಳ ಮುಖ್ಯ ಕಾರ್ಯದರ್ಶಿಗಳು ದೇಶದಲ್ಲೇ ಉಳಿದು ಆಡಳಿತ ನಡೆಸಿಕೊಂಡು ಹೋಗಬೇಕೆಂಬ ಸೂಚನೆಯಿತ್ತು. ಬೆಲ್ಜಿಯಂನಲ್ಲೂ ಫ್ರಾನ್ಸಿನ ಆಕ್ರಮಿತ ಭಾಗದಲ್ಲೂ ಜರ್ಮನಿ ಸೈನ್ಯಾಡಳಿತ ಇಟ್ಟಿತು. ನೆದರ್ಲೆಂಡ್ಸಿಗೆ ಮಾತ್ರ ನಾಜಿ ಪಕ್ಷದ ಹಿಡಿತದಲ್ಲಿದ್ದ ನಾಗರಿಕ ಆಡಳಿತ ಬಂತು. ಅದರ ತಲೆಯಾಳು ಆಸ್ಟ್ರಿಯಾದ ಆರ್ಥರ್ ಸೈಸ್-ಇಂಕ್ವಾರ್ಟ್; ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್ ಮತ್ತು ಪೊಲೀಸ್ ಮುಖ್ಯಸ್ಥ ಹಾನ್ಸ್ ರೌಟರ್ ಕೂಡ ಆಸ್ಟ್ರಿಯಾದವನೇ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಸೇನಾಧಿಕಾರಿಗೆ ಕಲ್ಲಿದ್ದಲು, ರಸ್ತೆ, ಶಾಂತಿ ಮುಖ್ಯ. ಎಸ್‌ಎಸ್‌ಗೆ ಯಹೂದಿಯರೇ ಮುಖ್ಯ.

ಅದೇ ವರ್ಷದ ಅಕ್ಟೋಬರಿನಲ್ಲಿ ಎಲ್ಲ ಸರ್ಕಾರಿ ನೌಕರರ ಮುಂದೆ ಒಂದು ನಮೂನೆ ಬಂತು. ನಾನು ಯಹೂದಿಯಲ್ಲ ಎನ್ನುವವರಿಗೆ ಒಂದು ಹಾಳೆ, ಯಹೂದಿ ಎನ್ನುವವರಿಗೆ ಇನ್ನೊಂದು. ಎರಡು ಲಕ್ಷಕ್ಕೂ ಮೀರಿದ ನೌಕರರಲ್ಲಿ ಸಹಿ ಹಾಕುವುದಿಲ್ಲ ಎಂದವರು ಬೆರಳೆಣಿಕೆಯಷ್ಟು. ಸಹಿ ಹಾಕಿದವರಲ್ಲಿ ಬಹುಪಾಲು ಯಹೂದಿ ದ್ವೇಷಿಗಳೇನೂ ಅಲ್ಲ. ನಿಜವನ್ನೇ ಬರೆದುಕೊಡುತ್ತಿದ್ದೇವಲ್ಲ, ಅದರಲ್ಲೇನು ತಪ್ಪು ಎಂದುಕೊಂಡರು. ಮುಂದಿನ ತಿಂಗಳು ಎರಡನೇ ಹಾಳೆಗೆ ಸಹಿ ಹಾಕಿದವರನ್ನೆಲ್ಲ ಕೆಲಸದಿಂದ ಹೊರಗಿಟ್ಟರು. ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷ ಲೊಡೆವೈಕ್ ವಿಸ್ಸರ್ ಕೂಡ ಅವರಲ್ಲೊಬ್ಬರು. ಅವರ ಜೊತೆಯ ನ್ಯಾಯಮೂರ್ತಿಗಳು ಪ್ರತಿಭಟಿಸಲಿಲ್ಲ. ಲೈಡನ್ ವಿಶ್ವವಿದ್ಯಾಲಯದಲ್ಲಿ ಮಾತ್ರ ಕಾನೂನು ಪ್ರಾಧ್ಯಾಪಕ ಕ್ಲೇವರಿಂಗಾ ನವೆಂಬರ್ 26ರಂದು, ತಮ್ಮ ಗುರು ಮೈಯರ್ಸ್ ಅವರನ್ನು ವಜಾ ಮಾಡಿದ್ದನ್ನು ಬಹಿರಂಗ ಭಾಷಣದಲ್ಲಿ ಖಂಡಿಸಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ವಿಶ್ವವಿದ್ಯಾಲಯವನ್ನು ಮುಚ್ಚಿಸಲಾಯಿತು, ಕ್ಲೇವರಿಂಗಾ ಜೈಲು ಸೇರಿದರು.

ಅರ್ಜಿ, ಕಾರ್ಡು, ನಕ್ಷೆ

1941ರ ಜನವರಿ 10ರಂದು ಆ ವರ್ಷದ ಆರನೇ ಆಜ್ಞೆ ಹೊರಟಿತು. ಒಬ್ಬನೇ ಒಬ್ಬ ಯಹೂದಿ ಅಜ್ಜನೋ ಅಜ್ಜಿಯೋ ಇರುವ ಪ್ರತಿಯೊಬ್ಬರೂ ತಾವೇ ಪುರಸಭೆಗೆ ಹೋಗಿ ಹೆಸರು ಬರೆಸಬೇಕು. ನಾಲ್ಕು ವಾರಗಳ ಗಡುವು. ಸುಮಾರು 80,000 ಯಹೂದಿಯರಿದ್ದ ಆಮ್ಸ್ಟರ್‌ಡ್ಯಾಮಿಗೆ ಹತ್ತು ವಾರ. ಹೆಸರು, ಹುಟ್ಟಿದ ದಿನ ಮತ್ತು ಊರು, ವಿಳಾಸ, ವೃತ್ತಿ, ಮದುವೆ, ಪೌರತ್ವ, ಧರ್ಮ, ಯಹೂದಿ ಅಜ್ಜ ಅಜ್ಜಿಯರು ಎಷ್ಟು ಎಂಬ ವಿವರ ಅರ್ಜಿಯಲ್ಲಿ ತುಂಬಬೇಕು. ಬರೆಸದಿದ್ದರೆ ಐದು ವರ್ಷದವರೆಗೆ ಜೈಲು. ಶುಲ್ಕ ಒಂದು ಗಿಲ್ಡರ್, ಅಂದರೆ ಅಲ್ಲಿಯ ಆಗಿನ ನಾಣ್ಯ. ತಮ್ಮ ಹೆಸರನ್ನು ಆ ಪಟ್ಟಿಗೆ ಸೇರಿಸಲು ಅವರೇ ಕೈಯಿಂದ ದುಡ್ಡು ಕೊಟ್ಟರು.

ಬರೆಸಿದವರ ಒಟ್ಟು ಸಂಖ್ಯೆ 1,60,820. ಅದರಲ್ಲಿ ಪೂರ್ಣ ಯಹೂದಿ ಎನಿಸಿಕೊಂಡವರು 1,40,552, ಅರ್ಧ 14,549, ಕಾಲುಭಾಗ 5,719. ಬರೆಸದೆ ತಪ್ಪಿಸಿಕೊಂಡವರು ತೀರಾ ಕಡಿಮೆ. ಯಾಕೆ ಬರೆಸಿದರು ಎಂದು ಇವತ್ತು ಕುಳಿತು ಕೇಳುವುದು ಸುಲಭ. ಕಾನೂನು ಪಾಲಿಸುವ ಸರ್ಕಾರ, ತಲೆತಲಾಂತರದಿಂದ ನಂಬಿದ ಪುರಸಭೆ, ಎದುರು ಕೂತವನು ಪರಿಚಯದ ಗುಮಾಸ್ತ. ಬರೆಸದೆ ಬಿಟ್ಟರೂ ಧರ್ಮದ ಕಾಲಂ ಆಗಲೇ ದಫ್ತರದಲ್ಲಿ ಕುಳಿತಿತ್ತು. 1941ರ ಆರಂಭದಲ್ಲಿ ಈ ಪಟ್ಟಿಯ ತುದಿಯಲ್ಲಿ ಏನಿದೆಯೆಂದು ಊಹಿಸಲು ಯಾರ ಬಳಿಯೂ ಆಧಾರವಿರಲಿಲ್ಲ.

ಈ ಅರ್ಜಿಗಳನ್ನೆಲ್ಲ ಒಟ್ಟುಗೂಡಿಸಿದವನು ಹೇಗ್ ನಗರದಲ್ಲಿದ್ದ ರಾಷ್ಟ್ರೀಯ ಜನಸಂಖ್ಯಾ ದಫ್ತರದ ಮುಖ್ಯಸ್ಥ ಯಾಕೋಬ್ ಲೆಂಟ್ಜ್. ಅವನು ನಾಜಿ ಪಕ್ಷದವನಲ್ಲ. ಅವನಿಗೆ ಹುಚ್ಚು ಹಿಡಿದಿದ್ದದ್ದು ದಾಖಲೆಯ ಪರಿಪೂರ್ಣತೆಯದು. ಯುದ್ಧಕ್ಕೆ ಮುಂಚೆಯೇ ಪ್ರತಿ ಪ್ರಜೆಗೂ ಗುರುತಿನ ಚೀಟಿ ಕೊಡುವ ಯೋಜನೆ ಮಾಡಿ ಸರ್ಕಾರದ ಮುಂದಿಟ್ಟಿದ್ದ. ಪ್ರಾಮಾಣಿಕ ಪ್ರಜೆಯನ್ನೂ ಅಪರಾಧಿಯಂತೆ ಕಾಣುವ ವ್ಯವಸ್ಥೆ ಇದು, ನಮ್ಮ ಸಂಪ್ರದಾಯಕ್ಕೆ ಒಗ್ಗದು ಎಂದು 1940ರ ಮಾರ್ಚಿನಲ್ಲಿ ಅದನ್ನು ತಿರಸ್ಕರಿಸಿದರು. ಎರಡು ತಿಂಗಳಲ್ಲಿ ಜರ್ಮನರು ಬಂದರು. ಲೆಂಟ್ಜ್ ತನ್ನ ಮಾದರಿಯನ್ನು ಬರ್ಲಿನ್ನಿಗೆ ಒಯ್ದ. ನಮ್ಮದಕ್ಕಿಂತ ಇದೇ ಚೆನ್ನಾಗಿದೆ ಎಂದು ಅಲ್ಲಿಯ ತಜ್ಞರು ಒಪ್ಪಿಕೊಂಡರು.

ಆ ಚೀಟಿಯ ತಯಾರಿ ನೋಡಿ. ನೀರ್ಗುರುತಿನ ಕಾಗದ. ತಿದ್ದಿದರೆ ಗೊತ್ತಾಗುವ ವಿಶೇಷ ಶಾಯಿ. ಭಾವಚಿತ್ರವನ್ನು ಕೀಳಲು ಹೋದರೆ ಹರಿದುಹೋಗುವಂತೆ ಪಾರದರ್ಶಕ ಮುದ್ರೆ. ಜೊತೆಗೆ ಬೆರಳಚ್ಚು. ಅದರ ಪ್ರತಿಯೊಂದು ಹೇಗ್‌ನ ಕೇಂದ್ರ ದಫ್ತರದಲ್ಲಿ ಉಳಿಯುತ್ತಿತ್ತು. ಖೋಟಾ ಚೀಟಿ ಮಾಡಿದರೂ ಅಲ್ಲಿಯ ಪ್ರತಿಗೆ ಹೋಲಿಸಿದ ತಕ್ಷಣ ಸಿಕ್ಕಿಬೀಳಬೇಕು. ಯಹೂದಿಯರ ಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರದ ಮೊಹರು. ಬೆಲ್ಜಿಯಂ, ಫ್ರಾನ್ಸ್‌ಗಳ ಚೀಟಿಗಳನ್ನು ನಕಲು ಮಾಡುವುದು ಇದಕ್ಕಿಂತ ಎಷ್ಟೋ ಸುಲಭವಿತ್ತು. ಖೋಟಾ ಚೀಟಿ ಸುಲಭವಾಗಿ ಸಿಗುವ ದೇಶದಲ್ಲಿ ಹೆಚ್ಚು ಜನ ಬದುಕಿದರು. ಒಬ್ಬ ಅಧಿಕಾರಿಯ ಕಸುಬಿನ ಹೆಮ್ಮೆಗೆ ಎಷ್ಟು ಜೀವ ಬಲಿಯಾದವು ಎಂದು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಆದರೆ ಬಲಿಯಾದದ್ದಂತೂ ನಿಶ್ಚಯ.

1941ರ ಮೇ ತಿಂಗಳಲ್ಲಿ ಆಮ್ಸ್ಟರ್‌ಡ್ಯಾಮ್ ಪುರಸಭೆಯ ಅಂಕಿಅಂಶ ವಿಭಾಗ ನಗರದ ನಕ್ಷೆಯೊಂದನ್ನು ತಯಾರಿಸಿತು. ಅದರ ಮೇಲೆ ಕಪ್ಪು ಚುಕ್ಕೆಗಳು. ಒಂದು ಚುಕ್ಕೆಗೆ ಹತ್ತು ಯಹೂದಿಯರು. ಯಾವ ಬೀದಿಗೆ ಎಷ್ಟು ಪೊಲೀಸರು, ಎಷ್ಟು ವಾಹನ ಬೇಕೆಂದು ಆ ನಕ್ಷೆ ನೋಡಿಯೇ ಹೇಳಬಹುದಿತ್ತು.

ಇನ್ನು ಈ ಅಂಕಿಗಳು ಎಲ್ಲಿಗೆ ಹೋಗಿ ಮುಟ್ಟಿದವು ಎಂಬುದು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೇ ಸರೋವರದ ದಡದ ಬಂಗಲೆಯಲ್ಲಿ ಯುರೋಪಿನ ಯಹೂದಿಯರನ್ನು ಮುಗಿಸುವ ಯೋಜನೆಗೆ ಇಲಾಖೆಗಳನ್ನೆಲ್ಲ ಹೊಂದಿಸುವ ಸಭೆ ನಡೆಯಿತು. ಅದರ ನಡಾವಳಿಯಲ್ಲಿ ದೇಶವಾರು ಪಟ್ಟಿ ಇದೆ. ನೆದರ್ಲೆಂಡ್ಸಿನ ಮುಂದೆ 1,60,800. ಪುರಸಭೆಗಳ ಅರ್ಜಿಯ ಒಟ್ಟು ಮೊತ್ತವೇ ಇಪ್ಪತ್ತನ್ನು ಕೈಬಿಟ್ಟು ಅಲ್ಲಿ ಕುಳಿತಿದೆ. ಅದೇ ಪಟ್ಟಿಯಲ್ಲಿ ಫ್ರಾನ್ಸಿನ ಆಕ್ರಮಣಕ್ಕೊಳಗಾಗದ ಭಾಗಕ್ಕೆ 7,00,000 ಎಂದು ಬರೆದಿದ್ದಾರೆ, ನಿಜಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿ ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಪೂರಾ ಗೊತ್ತಿತ್ತು.

ಮುಷ್ಕರದ ಎರಡು ದಿನ

ಜನ ಸುಮ್ಮನಿದ್ದರು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅನ್ಯಾಯವಾಗುತ್ತದೆ. 1941ರ ಫೆಬ್ರವರಿ 22 ಮತ್ತು 23ರಂದು ಆಮ್ಸ್ಟರ್‌ಡ್ಯಾಮಿನ ಯಹೂದಿ ಕೇರಿಗೆ ನುಗ್ಗಿದ ಜರ್ಮನ್ ಪೊಲೀಸರು ನಾಲ್ಕು ನೂರಕ್ಕೂ ಹೆಚ್ಚು ಯುವಕರನ್ನು ಹೊಡೆದು ಎಳೆದೊಯ್ದರು. 25ರ ಬೆಳಿಗ್ಗೆ ಪುರಸಭೆಯ ಕಾರ್ಮಿಕರು, ಟ್ರಾಮ್ ಚಾಲಕರು ಕೆಲಸ ನಿಲ್ಲಿಸಿದರು. ಕಮ್ಯುನಿಸ್ಟ್ ಕಾರ್ಯಕರ್ತರು ಕರಪತ್ರ ಹಂಚಿ ಕರೆ ಕೊಟ್ಟಿದ್ದರು. ಟ್ರಾಮ್ ನಿಂತದ್ದೇ ತಡ ಊರೆಲ್ಲಾ ಸುದ್ದಿಯಾಗಿ ಹಡಗುಕಟ್ಟೆ, ಕಾರ್ಖಾನೆ, ಅಂಗಡಿ ಎಲ್ಲ ಬಂದ್ ಆದವು. ಮರುದಿನ ಅದು ಅಕ್ಕಪಕ್ಕದ ಪಟ್ಟಣಗಳಿಗೂ ಹಬ್ಬಿತು. ಯಹೂದಿಯರ ಮೇಲಿನ ದಾಳಿಯನ್ನು ವಿರೋಧಿಸಿ ಆಕ್ರಮಿತ ಯುರೋಪಿನಲ್ಲಿ ಈ ಪ್ರಮಾಣದಲ್ಲಿ ನಡೆದ ಮುಷ್ಕರ ಇದೊಂದೇ. ಗುಂಡು ಹಾರಿಸಿ ಎರಡೇ ದಿನದಲ್ಲಿ ಅದನ್ನು ಅಡಗಿಸಿದರು. ಹಿಡಿದೊಯ್ದ ಯುವಕರು ಮೌತ್‌ಹೌಸನ್ ಶಿಬಿರದ ಕಲ್ಲುಗಣಿಯಲ್ಲಿ ಒಬ್ಬೊಬ್ಬರಾಗಿ ಸತ್ತರು. ಬೀದಿಯಲ್ಲಿ ರಕ್ತ ಕಂಡಾಗ ಜನ ಎದ್ದರು ಎಂಬುದನ್ನು ಜರ್ಮನರು ಗಮನಿಸಿಟ್ಟುಕೊಂಡರು. ಮುಂದಿನ ಹಂತಗಳು ಬಹುಮಟ್ಟಿಗೆ ಕಾಗದದ ಮೇಲೆ ನಡೆದವು.

ಹಣ, ನಕ್ಷತ್ರ, ಕರೆಪತ್ರ

ಸಾಗಿಸುವ ಮುನ್ನ ದೋಚಬೇಕಿತ್ತು. ಲಿಪ್‌ಮನ್, ರೋಸೆಂತಾಲ್ ಎಂಬ ಹೆಸರುವಾಸಿ ಯಹೂದಿ ಬ್ಯಾಂಕಿನ ಹೆಸರನ್ನೇ ಕದ್ದು ಸಾರ್ಫಾಟಿ ಬೀದಿಯಲ್ಲಿ ಒಂದು ನಕಲಿ ಶಾಖೆ ತೆರೆದರು. 1941ರ ಆಗಸ್ಟಿನ ಆಜ್ಞೆಯ ಪ್ರಕಾರ ಯಹೂದಿಯರು 1,000 ಗಿಲ್ಡರಿಗಿಂತ ಹೆಚ್ಚಿನ ನಗದು, ಬ್ಯಾಂಕ್ ಠೇವಣಿ, ಷೇರುಗಳನ್ನೆಲ್ಲ ಅಲ್ಲಿ ಕಟ್ಟಬೇಕು. 1942ರ ಮೇ ತಿಂಗಳ ಎರಡನೇ ಆಜ್ಞೆ ಆ ಮಿತಿಯನ್ನು 250 ಗಿಲ್ಡರಿಗೆ ಇಳಿಸಿ, ಒಡವೆ, ಕಲಾಕೃತಿಗಳನ್ನೂ ಸೇರಿಸಿತು. ಪರಿಚಿತ ಹೆಸರು, ಖಾತೆ ಸಂಖ್ಯೆ, ರಸೀತಿ ಎಲ್ಲ ಇದ್ದವು. ಆ ದುಡ್ಡಿನಲ್ಲೇ ಶಿಬಿರಗಳ ಖರ್ಚನ್ನೂ ನಡೆಸಿದರು. ಕೈಯಲ್ಲಿ ಕಾಸಿಲ್ಲದವನು ಅಡಗಿಕೊಳ್ಳಲಾರ ಎಂಬುದು ಇದರ ಇನ್ನೊಂದು ಫಲ. ಅಡಗಲು ಜಾಗ ಕೊಟ್ಟವರಿಗೆ ಊಟದ ಖರ್ಚಾದರೂ ಕೊಡಬೇಕಲ್ಲ.

1942ರ ಮೇ 3ರಿಂದ ಹಳದಿ ನಕ್ಷತ್ರ ಕಡ್ಡಾಯವಾಯಿತು. ಒಬ್ಬರಿಗೆ ನಾಲ್ಕು. ಒಂದಕ್ಕೆ ನಾಲ್ಕು ಸೆಂಟ್ ಬೆಲೆ, ಮೇಲೆ ಬಟ್ಟೆಯ ಪಡಿತರದ ಒಂದು ಕೂಪನ್. ಹಂಚುವ ಕೆಲಸವನ್ನು 1941ರ ಫೆಬ್ರವರಿಯಲ್ಲಿ ಜರ್ಮನರೇ ಕಟ್ಟಿಸಿದ ಯಹೂದಿ ಮಂಡಳಿಯ ಮೇಲೆ ಹೇರಿದರು. 5,69,355 ನಕ್ಷತ್ರಗಳನ್ನು ಮಂಡಳಿ ಕೆಲವೇ ದಿನಗಳಲ್ಲಿ ಹಂಚಿ ಮುಗಿಸಬೇಕಾಯಿತು. ಮಂಡಳಿಯ ಮುಂದಾಳುಗಳು ವಜ್ರದ ವ್ಯಾಪಾರಿ ಅಬ್ರಹಾಂ ಆಸ್ಷರ್ ಮತ್ತು ಪ್ರಾಚೀನ ಇತಿಹಾಸದ ಪ್ರಾಧ್ಯಾಪಕ ಡೇವಿಡ್ ಕೋಹೆನ್. ಒಪ್ಪಿ ನಡೆದರೆ ಇನ್ನೂ ಕೆಟ್ಟದ್ದನ್ನು ತಡೆಯಬಹುದು ಎಂಬುದು ಅವರ ಲೆಕ್ಕ. ಆ ಲೆಕ್ಕ ಪ್ರತಿ ಹಂತದಲ್ಲೂ ತಪ್ಪಿತು. ಅವರ ಬಗ್ಗೆ ಯುದ್ಧದ ನಂತರ ಕಟುವಾದ ವಾದಗಳಾಗಿವೆ. ನನ್ನ ಮಟ್ಟಿಗೆ, ಕೊರಳಿಗೆ ಹಗ್ಗ ಬಿದ್ದವನನ್ನೂ ಹಗ್ಗ ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

1942ರ ಜುಲೈ 5ರಂದು ಮೊದಲ ಕರೆಪತ್ರಗಳು ಮನೆಗಳಿಗೆ ಬಂದವು. ಜರ್ಮನಿಯಲ್ಲಿ ಕೆಲಸಕ್ಕೆ ಹೋಗಬೇಕು, ಇಂತಿಂಥ ಸಾಮಾನು ತರಬೇಕು ಎಂದಿತ್ತು. ಅದರ ಬೆನ್ನಿಗೇ ‘ಮುಂದಿನ ಸೂಚನೆಯವರೆಗೆ ವಿನಾಯಿತಿ’ ಎಂಬ ಮೊಹರು ಬಂತು. ವಜ್ರದ ಕೆಲಸಗಾರರಿಗೆ, ಸೈನ್ಯಕ್ಕೆ ಬಟ್ಟೆ ಹೊಲಿಯುವವರಿಗೆ, ಮಂಡಳಿಯ ಸಿಬ್ಬಂದಿಗೆ, ಮಿಶ್ರ ವಿವಾಹದವರಿಗೆ ಬೇರೆ ಬೇರೆ ಸಂಖ್ಯಾ ಸರಣಿಯ ಮೊಹರುಗಳು. ಮಂಡಳಿಯೊಂದಕ್ಕೇ ಸುಮಾರು 17,500 ವಿನಾಯಿತಿಗಳು ಸಿಕ್ಕವು. ಇದರ ಹಿಂದಿನ ಹೂಟ ಸರಳ: ಎಲ್ಲರೂ ಒಟ್ಟಿಗೆ ಎದುರು ನಿಲ್ಲದಂತೆ ಪ್ರತಿಯೊಬ್ಬನೂ ತನ್ನ ಮೊಹರಿಗಾಗಿ ಓಡಾಡುತ್ತಿರಬೇಕು. ಮೊಹರು ಪಡೆದವನು ಅಡಗಿಕೊಳ್ಳುವ ಯೋಚನೆಯನ್ನು ಮುಂದೂಡುತ್ತಾನೆ. ಆಮೇಲೆ ಒಂದೊಂದೇ ಸರಣಿಯನ್ನು ರದ್ದು ಮಾಡುತ್ತಾ ಬಂದರು. 1943ರ ಸೆಪ್ಟೆಂಬರ್ 29ರ ಕೊನೆಯ ದೊಡ್ಡ ದಾಳಿಯಲ್ಲಿ ಮಂಡಳಿಯ ಮುಂದಾಳುಗಳನ್ನೂ ಕರೆದೊಯ್ದರು.

ಮಂಗಳವಾರದ ರೈಲು

ದೇಶದ ಈಶಾನ್ಯದ ಬಯಲಿನಲ್ಲಿರುವ ವೆಸ್ಟರ್‌ಬೋರ್ಕ್ ಶಿಬಿರವನ್ನು ಕಟ್ಟಿದ್ದು ಜರ್ಮನರಲ್ಲ. ಜರ್ಮನಿಯಿಂದ ಓಡಿಬಂದ ಯಹೂದಿ ನಿರಾಶ್ರಿತರಿಗೆಂದು 1939ರಲ್ಲಿ ಅಲ್ಲಿಯ ಸರ್ಕಾರವೇ ಕಟ್ಟಿಸಿ, ಅದರ ವೆಚ್ಚವನ್ನು ಯಹೂದಿ ಸಮಿತಿಯ ತಲೆಗೆ ಕಟ್ಟಿತ್ತು. 1942ರ ಜುಲೈ 1ಕ್ಕೆ ಜರ್ಮನರು ಅದನ್ನು ವಹಿಸಿಕೊಂಡರು. ಜುಲೈ 15ಕ್ಕೆ ಮೊದಲ ರೈಲು ಪೋಲೆಂಡಿನ ಆಶ್ವಿಟ್ಜ್ ಮರಣ ಶಿಬಿರದ ಕಡೆ ಹೊರಟಿತು. ಆರಂಭದಲ್ಲಿ ಐದು ಕಿಲೋಮೀಟರ್ ದೂರದ ಹೋಖಾಲೆನ್ ನಿಲ್ದಾಣದಿಂದ ಗಂಟುಮೂಟೆ ಹೊತ್ತು ನಡೆಯಬೇಕಿತ್ತು. ಆ ವರ್ಷದ ನವೆಂಬರ್ ಹೊತ್ತಿಗೆ ಹಳಿಯನ್ನೇ ಶಿಬಿರದ ನಡುವಿಗೆ ಎಳೆದರು.

ವಾರದ ಕೋಟಾ ಬರ್ಲಿನ್ನಿನಲ್ಲಿ ನಿಗದಿಯಾಗುತ್ತಿತ್ತು, ಸಾಮಾನ್ಯವಾಗಿ ಸಾವಿರದಷ್ಟು. ಯಾರ ಹೆಸರು ಎಂಬುದನ್ನು ಹೆಚ್ಚಾಗಿ ಶಿಬಿರದೊಳಗಿನ ಯಹೂದಿ ಸಿಬ್ಬಂದಿಯೇ ತುಂಬಬೇಕಿತ್ತು. ಸೋಮವಾರ ರಾತ್ರಿ ಬ್ಯಾರಕ್ಕುಗಳಲ್ಲಿ ಪಟ್ಟಿ ಓದುತ್ತಿದ್ದರು, ಮಂಗಳವಾರ ಬೆಳಿಗ್ಗೆ ರೈಲು. ಉಳಿದ ಆರು ದಿನ ಶಾಲೆ, ಕಾರ್ಯಾಗಾರ, ನಾಟಕ, 1,700ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಎಲ್ಲ ನಡೆಯುತ್ತಿದ್ದವು. ಇಷ್ಟು ಕಾಳಜಿ ಮಾಡುವವರು ಕೊಲ್ಲಲು ಕಳಿಸುತ್ತಾರೆಯೇ ಎಂಬ ಭ್ರಮೆ ಹುಟ್ಟಲೆಂದೇ ಕಮಾಂಡೆಂಟ್ ಗೆಮ್ಮೆಕರ್ ಇದನ್ನೆಲ್ಲ ನಡೆಯಗೊಟ್ಟ. ನೆದರ್ಲೆಂಡ್ಸಿನ ರೈಲ್ವೆಯ ಚಾಲಕರು ಗಡಿಯವರೆಗೆ ರೈಲು ಓಡಿಸಿ ಅಲ್ಲಿ ಜರ್ಮನ್ ಸಿಬ್ಬಂದಿಗೆ ಒಪ್ಪಿಸುತ್ತಿದ್ದರು. ಅದಕ್ಕೆ ರೈಲ್ವೆ ಬಿಲ್ ಮಾಡಿ ಹಣ ಪಡೆಯಿತು.

ಆಶ್ವಿಟ್ಜಿಗೆ ಹೋದವರು ಸುಮಾರು 60,000. ಅಲ್ಲಿ ಇಳಿದ ತಕ್ಷಣ ಕೆಲಸಕ್ಕೆ ಆಗುವವರನ್ನು ಬೇರೆ ಮಾಡುತ್ತಿದ್ದುದರಿಂದ ಕೆಲವರಾದರೂ ಉಳಿದರು. 1943ರ ಮಾರ್ಚ್ 2ರಿಂದ ಜುಲೈ 20ರ ನಡುವೆ ಹೊರಟ 19 ರೈಲುಗಳು ಪೋಲೆಂಡಿನ ಸೊಬಿಬೋರ್‌ಗೆ ಹೋದವು. ಸೊಬಿಬೋರ್ ಕೊಲ್ಲುವುದಕ್ಕೆಂದೇ ಕಟ್ಟಿದ ಜಾಗ. ಅಲ್ಲಿಗೆ ಹೋದ 34,313 ಮಂದಿಯಲ್ಲಿ ಬದುಕಿದವರು 18. ಮುದುಕರು, ಮಕ್ಕಳು, ಹೆಂಗಸರು ಯಾರೆಂಬ ಭೇದವಿಲ್ಲದೆ ಬಹುತೇಕ ಎಲ್ಲರನ್ನೂ ಇಳಿದ ಕೆಲವೇ ಗಂಟೆಗಳಲ್ಲಿ ಅನಿಲದ ಕೋಣೆಗೆ ದೂಡಿದರು. ಬೆಲ್ಜಿಯಂನಿಂದ ಸೊಬಿಬೋರ್‌ಗೆ ರೈಲು ಹೋಗಲಿಲ್ಲ. ಎರಡು ದೇಶಗಳ ಸಾವಿನ ಪ್ರಮಾಣವನ್ನು ಹೋಲಿಸುವಾಗ ಈ ಐದು ತಿಂಗಳನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಯಂತ್ರ ಎಲ್ಲೆಲ್ಲಿ ಕೆಟ್ಟಿತು

ಕಾಗದದಿಂದ ನಡೆದ ಕೆಲಸವನ್ನು ಕಾಗದದಿಂದಲೇ ಕೆಡಿಸಿದವರೂ ಇದ್ದರು. ನನಗೆ ತುಂಬ ಮುಖ್ಯವೆನಿಸುವ ಭಾಗ ಇದು.

ಹೇಗ್‌ನಲ್ಲಿ ಹಾನ್ಸ್ ಕಾಲ್‌ಮೈಯರ್ ಎಂಬ ಜರ್ಮನ್ ವಕೀಲ, ವಂಶದ ಬಗ್ಗೆ ಅನುಮಾನವಿರುವ ಅರ್ಜಿಗಳನ್ನು ತೀರ್ಮಾನಿಸುವ ಹುದ್ದೆಯಲ್ಲಿದ್ದ. ನನ್ನ ನಿಜವಾದ ತಂದೆ ಯಹೂದಿಯಲ್ಲ, ತಾಯಿಗೆ ಬೇರೊಬ್ಬರೊಡನೆ ಸಂಬಂಧವಿತ್ತು ಎಂಬಂಥ ಪ್ರಮಾಣಪತ್ರಗಳು, ಹೊಸದಾಗಿ ತಯಾರಿಸಿದ ಹಳೆಯ ಚರ್ಚಿನ ದಾಖಲೆಗಳು ಅವನ ಮೇಜಿಗೆ ಬರುತ್ತಿದ್ದವು. ಸುಳ್ಳೆಂದು ಕಂಡರೂ ಎಷ್ಟೋ ಕಡತಗಳಿಗೆ ಒಪ್ಪಿಗೆ ಹಾಕಿದ. ಹೀಗೆ ಉಳಿದವರು ಸುಮಾರು 3,000. ಅವನು ತಳ್ಳಿಹಾಕಿದ ಅರ್ಜಿಗಳೂ ಇದ್ದವು, ಅವರು ಸತ್ತರು; ಅದರ ಬಗ್ಗೆ ಚರ್ಚೆ ಇನ್ನೂ ನಡೆದಿದೆ.

ಆಮ್ಸ್ಟರ್‌ಡ್ಯಾಮಿನ ಹೊಲಾಂಡ್ಸೆ ಸ್ಖೌಬುರ್ಖ್ ರಂಗಮಂದಿರದಲ್ಲಿ ಹಿಡಿದು ತಂದವರನ್ನು ಕೂಡಿಡುತ್ತಿದ್ದರು. ಚಿಕ್ಕ ಮಕ್ಕಳನ್ನು ಮಾತ್ರ ರಸ್ತೆಯಾಚೆಯ ಶಿಶುವಿಹಾರದಲ್ಲಿ ಇಡುತ್ತಿದ್ದರು. ರಂಗಮಂದಿರದ ದಾಖಲೆ ನೋಡಿಕೊಳ್ಳುತ್ತಿದ್ದ ವಾಲ್ಟರ್ ಸುಸ್ಕಿಂಡ್, ತಂದೆ ತಾಯಿ ಒಪ್ಪಿದ ಮಗುವಿನ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದುಬಿಡುತ್ತಿದ್ದ. ಕಾರ್ಡಿಲ್ಲದ ಮೇಲೆ ಆ ಮಗುವೂ ಇಲ್ಲ. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಮತ್ತು ಅಲ್ಲಿಯ ಯುವತಿಯರು ಮಗುವನ್ನು ಚೀಲದಲ್ಲೋ ಬುಟ್ಟಿಯಲ್ಲೋ ಇಟ್ಟು ಹೊರಡುತ್ತಿದ್ದರು. ಟ್ರಾಮ್ ಬಂದು ಎದುರು ನಿಂತಾಗ ಆಚೆಯ ಕಾವಲುಗಾರನಿಗೆ ಬಾಗಿಲು ಕಾಣುತ್ತಿರಲಿಲ್ಲ. ಆ ಗಳಿಗೆಯಲ್ಲೇ ಹೊರಟು ಟ್ರಾಮ್ ಹತ್ತಬೇಕು. ಪಕ್ಕದಲ್ಲಿದ್ದ ಶಿಕ್ಷಕರ ತರಬೇತಿ ಶಾಲೆಯ ಯೋಹಾನ್ ಫಾನ್ ಹುಲ್ಸ್ಟ್, ಹಿತ್ತಲ ಬೇಲಿಯ ಮೇಲಿಂದ ಮಕ್ಕಳನ್ನು ದಾಟಿಸಲು ಬಿಟ್ಟರು. ಹೀಗೆ ಸುಮಾರು 600 ಮಕ್ಕಳು ಪಾರಾದರು. ಪಿಮೆಂಟೆಲ್ ಆಶ್ವಿಟ್ಜಿನಲ್ಲಿ ಸತ್ತರು, ಸುಸ್ಕಿಂಡ್ ಕೂಡ ಯುದ್ಧ ಮುಗಿಯುವುದನ್ನು ಕಾಣಲಿಲ್ಲ.

1943ರ ಮಾರ್ಚ್ 27ರ ರಾತ್ರಿ ಶಿಲ್ಪಿ ಖೆರಿಟ್ ಫಾನ್ ಡೆರ್ ವೇನ್, ಚಿತ್ರಕಾರ ವಿಲ್ಲೆಮ್ ಅರೊಂಡೇಯಸ್ ಮತ್ತು ಗೆಳೆಯರು ಪೊಲೀಸ್ ಸಮವಸ್ತ್ರ ತೊಟ್ಟು ಆಮ್ಸ್ಟರ್‌ಡ್ಯಾಮಿನ ಜನಸಂಖ್ಯಾ ದಫ್ತರಕ್ಕೆ ಹೋದರು. ಕಾವಲುಗಾರರಿಗೆ ನಿದ್ದೆಯ ಚುಚ್ಚುಮದ್ದು ಕೊಟ್ಟು ಪಕ್ಕದ ಮೃಗಾಲಯದ ಅಂಗಳದಲ್ಲಿ ಮಲಗಿಸಿದರು. ಒತ್ತಾಗಿ ಜೋಡಿಸಿದ ಕಾರ್ಡುಗಳಿಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಅದಕ್ಕೇ ಖಾನೆಗಳಿಂದ ಎಳೆದು ನೆಲಕ್ಕೆ ರಾಶಿ ಹಾಕಿ, ಉರಿಯುವ ದ್ರವ ಸುರಿದು ಸ್ಫೋಟಕ ಸಿಡಿಸಿದರು. ಅವರ ಕಡೆಗಿದ್ದ ಅಗ್ನಿಶಾಮಕ ಸಿಬ್ಬಂದಿ ನಿಧಾನಕ್ಕೆ ಬಂದು, ಸುಡದೆ ಉಳಿದ ಕಾರ್ಡುಗಳೂ ಹಾಳಾಗಲೆಂದು ಬೇಕಾದ್ದಕ್ಕಿಂತ ಹೆಚ್ಚು ನೀರು ಹೊಡೆದರು. ಇಷ್ಟೆಲ್ಲ ಮಾಡಿಯೂ ಸುಮಾರು 8,00,000 ಕಾರ್ಡುಗಳಲ್ಲಿ ನಾಶವಾದದ್ದು ನೂರಕ್ಕೆ ಹದಿನೈದರಷ್ಟು. ಯಾರೋ ಸುಳಿವು ಕೊಟ್ಟು ಹನ್ನೆರಡು ಮಂದಿಗೆ ಜುಲೈ 1ರಂದು ಗುಂಡಿಟ್ಟರು. ಹೇಗ್‌ನ ಕೇಂದ್ರ ಪ್ರತಿಗಳಿದ್ದ ಕಟ್ಟಡದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದ್ದು 1944ರ ಏಪ್ರಿಲ್ 11ರಂದು. ಅಷ್ಟು ಹೊತ್ತಿಗೆ ಯಹೂದಿಯರಲ್ಲಿ ಬಹುಪಾಲು ಜನ ಹೋಗಿಯಾಗಿತ್ತು.

ಅಡಗಿಕೊಂಡವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು 16,000 ಮಂದಿ ಉಳಿದರು. ಅಡಗಿಸುವುದೆಂದರೆ ಅಟ್ಟದ ಮೇಲೆ ಜಾಗ ಕೊಟ್ಟರೆ ಮುಗಿಯುವ ಕೆಲಸವಲ್ಲ. ಪಡಿತರ ಕೂಪನ್ನಿಲ್ಲದೆ ಬ್ರೆಡ್ಡು ಸಿಗದ ಕಾಲ. ದಾಖಲೆಯಲ್ಲಿಲ್ಲದ ಹೊಟ್ಟೆಗೆ ಕೂಪನ್ ಎಲ್ಲಿಂದ? ಪಡಿತರ ಕಚೇರಿಗಳನ್ನು ದೋಚಲು ಪ್ರತಿರೋಧದ ತಂಡಗಳೇ ಬೇಕಾದವು. ಈ ಜಾಲ ದೇಶದಾದ್ಯಂತ ಗಟ್ಟಿಯಾದದ್ದು 1943ರ ಬೇಸಿಗೆಯ ಹೊತ್ತಿಗೆ, ಯಹೂದಿಯೇತರ ಯುವಕರೂ ಜರ್ಮನಿಯಲ್ಲಿ ಬಲವಂತದ ದುಡಿಮೆಯಿಂದ ತಪ್ಪಿಸಿಕೊಳ್ಳಲು ಅಡಗತೊಡಗಿದ ಮೇಲೆ. ರೈಲುಗಳು ಅದಕ್ಕೂ ಒಂದು ವರ್ಷ ಮುಂಚೆ ಶುರುವಾಗಿದ್ದವು. ಇನ್ನೊಂದು ಕಡೆ, ಅಡಗಿದವರನ್ನು ಹಿಡಿದುಕೊಟ್ಟರೆ ತಲೆಗೆ ಏಳೂವರೆ ಗಿಲ್ಡರ್ ಇನಾಮು. 1943ರ ಮಾರ್ಚಿನಿಂದ ಸೆಪ್ಟೆಂಬರಿನೊಳಗೆ ಇನಾಮಿಗಾಗಿ ಯಹೂದಿಯರನ್ನು ಹುಡುಕುತ್ತಿದ್ದ ಹೆನ್ನೈಕೆ ಎಂಬವನ ತಂಡವೊಂದೇ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದುಕೊಟ್ಟಿತು.

ಹೋಲಿಕೆಗೆ ಬೆಲ್ಜಿಯಂ ನೋಡಿ. ಬ್ರಸೆಲ್ಸ್ ಪ್ರದೇಶದ ಮೇಯರುಗಳು 1942ರಲ್ಲಿ ನಕ್ಷತ್ರ ಹಂಚಲು ಒಪ್ಪಲಿಲ್ಲ. ಆಂಟ್ವರ್ಪ್ ನಗರಾಡಳಿತ ಹಂಚಿತು, ಅದೇ ಆಗಸ್ಟಿನಲ್ಲಿ ಅಲ್ಲಿಯ ಪೊಲೀಸರು ಬೀದಿ ಮುಚ್ಚಿ ಯಹೂದಿಯರನ್ನು ಹಿಡಿದರು. ಆಂಟ್ವರ್ಪಿನ ಯಹೂದಿಯರಲ್ಲಿ ಸುಮಾರು ಮೂವರಿಗೆ ಇಬ್ಬರನ್ನು ಸಾಗಿಸಲಾಯಿತು. ಬ್ರಸೆಲ್ಸಿನಲ್ಲಿ ಮೂವರಿಗೆ ಒಬ್ಬರಿಗಿಂತ ತುಸು ಹೆಚ್ಚು. ಒಂದೇ ದೇಶ, ಅದೇ ಜರ್ಮನ್ ಸೈನ್ಯಾಡಳಿತ. ಬೆಲ್ಜಿಯಂನ ಯಹೂದಿಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪೌರತ್ವವಿಲ್ಲದ ವಲಸಿಗರು ಎಂಬುದೂ ಗಮನಿಸಬೇಕಾದದ್ದು. ಕಚೇರಿಯಿಂದ ಕಾಗದ ಬಂದರೆ ಅಪಾಯ ಎಂದು ಪೋಲೆಂಡಿನಿಂದ ಬಂದವರಿಗೆ ಕಲಿಸಬೇಕಾಗಿರಲಿಲ್ಲ.

ಡೆನ್ಮಾರ್ಕನ್ನು ಎಲ್ಲರೂ ಉದಾಹರಿಸುತ್ತಾರೆ. ರಾಜನೇ ಹಳದಿ ನಕ್ಷತ್ರ ತೊಟ್ಟ ಎಂಬ ಕತೆ ನಿಜವಲ್ಲ. ಅಲ್ಲಿ ನಕ್ಷತ್ರದ ಆಜ್ಞೆಯೇ ಹೊರಡಲಿಲ್ಲ. ಸ್ವಂತ ಸರ್ಕಾರ 1943ರ ಆಗಸ್ಟ್‌ವರೆಗೆ ಉಳಿದಿತ್ತು, ನೋಂದಣಿ ನಡೆಯಲಿಲ್ಲ. ಅಕ್ಟೋಬರಿನಲ್ಲಿ ಹಿಡಿಯಲು ಬರುವ ಸುದ್ದಿ ಮುಂಚೆಯೇ ಸೋರಿ ಸುಮಾರು 7,200 ಯಹೂದಿಯರು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿದರು. ಇದ್ದವರೇ ಎಂಟು ಸಾವಿರದಷ್ಟು, ಎದುರು ದಡದಲ್ಲೇ ಸ್ವೀಡನ್. ನೆದರ್ಲೆಂಡ್ಸಿನ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜರ್ಮನಿ, ನಡುವೆ ಚಪ್ಪಟೆ ನೆಲ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬಾರದು.

ಒಂದು ಪ್ರಸಂಗವನ್ನು ಮಾತ್ರ ಮರೆಯಲಾಗದು. 1944ರ ಸೆಪ್ಟೆಂಬರ್ 17ರಂದು ಲಂಡನ್ನಿನಲ್ಲಿದ್ದ ಸರ್ಕಾರ ರೈಲ್ವೆ ಮುಷ್ಕರಕ್ಕೆ ಕರೆ ಕೊಟ್ಟಿತು. ಸುಮಾರು 30,000 ನೌಕರರು ಕೆಲಸ ನಿಲ್ಲಿಸಿದರು. ಮಿತ್ರಸೈನ್ಯಕ್ಕೆ ನೆರವಾಗಲೆಂದು ಕೊಟ್ಟ ಕರೆ ಅದು. ವೆಸ್ಟರ್‌ಬೋರ್ಕಿನಿಂದ ಕೊನೆಯ ರೈಲು ಅದಕ್ಕೆ ನಾಲ್ಕು ದಿನ ಮುಂಚೆ, 13ರಂದು ಹೊರಟಿತ್ತು. ಆ 90ಕ್ಕೂ ಹೆಚ್ಚು ರೈಲುಗಳನ್ನು ನಿಲ್ಲಿಸಿ ಎಂಬ ಕರೆ ಲಂಡನ್ನಿನಿಂದ ಒಮ್ಮೆಯೂ ಬಂದಿರಲಿಲ್ಲ.

ಬಾಕಿ ವಸೂಲಿ

ಯುದ್ಧದ ನಂತರ ಲೆಂಟ್ಜ್‌ಗೆ ಮೂರು ವರ್ಷ ಸಜೆಯಾಯಿತು. ಗೆಮ್ಮೆಕರ್‌ಗೆ ಹತ್ತು ವರ್ಷ. ರೈಲು ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದು ಅವನು ಕೊನೆಯವರೆಗೂ ಹೇಳಿದ. ಸೈಸ್-ಇಂಕ್ವಾರ್ಟನನ್ನು 1946ರಲ್ಲಿ, ರೌಟರನನ್ನು 1949ರಲ್ಲಿ ಮರಣದಂಡನೆಗೆ ಗುರಿಪಡಿಸಿದರು.

ಬದುಕಿ ಬಂದವರ ಮನೆಗಳಲ್ಲಿ ಬೇರೆಯವರಿದ್ದರು. ಆಮ್ಸ್ಟರ್‌ಡ್ಯಾಮಿನಲ್ಲಿ ಮನೆಯ ಅಡಿಯ ಜಾಗಕ್ಕೆ ಪುರಸಭೆಗೆ ನೆಲಬಾಡಿಗೆ ಕಟ್ಟುವ ಪದ್ಧತಿಯಿದೆ. ಶಿಬಿರದಲ್ಲಿದ್ದಷ್ಟು ಕಾಲ ಬಾಡಿಗೆ ಕಟ್ಟಿಲ್ಲವೆಂದು ಪುರಸಭೆ ಅವರಿಗೆ ಬಾಕಿಯ ನೋಟಿಸು ಕಳಿಸಿತು, ತಡವಾದದ್ದಕ್ಕೆ ದಂಡವನ್ನೂ ಸೇರಿಸಿ. ಆ ಕಾಲದಲ್ಲಿ ಮನೆಯಲ್ಲಿದ್ದವರು ಹಲವು ಕಡೆ ದೇಶೀ ನಾಜಿ ಪಕ್ಷವಾದ ಎನ್‌ಎಸ್‌ಬಿಯವರು! ಈ ಕಡತಗಳು ಬೆಳಕಿಗೆ ಬಂದದ್ದು ಸುಮಾರು ಎಪ್ಪತ್ತು ವರ್ಷಗಳ ನಂತರ. 2016ರಲ್ಲಿ ನಗರ ಒಂದು ಕೋಟಿ ಯೂರೋವನ್ನು ಯಹೂದಿ ಸಮುದಾಯಕ್ಕೆ ಕೊಡಲು ತೀರ್ಮಾನಿಸಿತು. ತಂದೆ ತಾಯಿಯನ್ನು ಆಶ್ವಿಟ್ಜಿನಲ್ಲಿ ಕಳೆದುಕೊಂಡ, ಆಯಾಕ್ಸ್ ಫುಟ್ಬಾಲ್ ತಂಡದ ಹಳೆಯ ಫಿಸಿಯೋಥೆರಪಿಸ್ಟ್ ಸಾಲೋ ಮುಲ್ಲರ್ ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ, 2019ರಲ್ಲಿ ರೈಲ್ವೆ ಬದುಕಿರುವ ಸಂತ್ರಸ್ತರಿಗೆ ತಲಾ 15,000 ಯೂರೋ ಪರಿಹಾರ ಘೋಷಿಸಿತು. 2020ರ ಜನವರಿ 26ರಂದು ಪ್ರಧಾನಿ ಮಾರ್ಕ್ ರುಟೆ, ಅಂದಿನ ಸರ್ಕಾರಿ ಆಡಳಿತದ ನಡವಳಿಕೆಗಾಗಿ ದೇಶದ ಪರವಾಗಿ ಕ್ಷಮೆ ಕೇಳಿದರು. ಸರ್ಕಾರದ ಬಾಯಿಂದ ಆ ಮಾತು ಬರುವುದಕ್ಕೆ ಯುದ್ಧ ಮುಗಿದು 75 ವರ್ಷ ಹಿಡಿಯಿತು.